ಬಿಗಿದು ಕಟ್ಟಿದ ಚಕ್ರ

“ಗುರುಗಳೇ, ಹಿಡಿದದ್ದನ್ನು ಬಿಡುವವನು ಹೇಡಿಯಲ್ಲವೇ?”

ಕೇಳಿದವನು ನಾನು. ನಂಬದವರು ಈಗಲೇ ಎದ್ದು ಹೋಗಬಹುದು: ಹಗ್ಗ ಜಗ್ಗುವ ಆಟದಲ್ಲಿ ನನ್ನ ಕೈಯಿಂದ ಹಗ್ಗ ಬಿಡಿಸುವ ಗಂಡಸು ನಮ್ಮ ಸುತ್ತಿನ ಹಳ್ಳಿಗಳಲ್ಲಿ ಇನ್ನೂ ಹುಟ್ಟಿಲ್ಲ. ಅಂಗೈಯ ಚರ್ಮ ಸುಲಿದು ಹೋದರೂ ಬಿಟ್ಟವನಲ್ಲ. ಇದನ್ನೂ ಗುರುಗಳಿಗೆ ಹೇಳಿದೆ, ಅಂಗೈ ಚಾಚಿ ತೋರಿಸಿದೆ. ಅವರು ನೋಡಲಿಲ್ಲ. ಕತೆ ಹೇಳಿದರು.

ಬಯಲುಸೀಮೆಯ ಒಬ್ಬ ವ್ಯಾಪಾರಿ ಕಡಲ ದಂಡೆಯಲ್ಲಿ ಜಾಗ ಕೊಂಡು ಆಟದ ಪಾರ್ಕು ಕಟ್ಟಿದ. ಜಾರುಬಂಡೆ, ಸುತ್ತುವ ಮರದ ಕುದುರೆಗಳು, ಎಲ್ಲಕ್ಕಿಂತ ಎತ್ತರವಾಗಿ ತೊಟ್ಟಿಲುಗಳ ಒಂದು ದೊಡ್ಡ ಚಕ್ರ. ದೂರದೂರದಿಂದ ಜನ ಬಂದರು. ಹಲ್ಲಿಲ್ಲದ ಅಜ್ಜಿಯಂದಿರು ಕೂಡ ಮೇಲೆ ಹೋಗಿ ಕಿರುಚಿ, ಇಳಿದು, ಮತ್ತೆ ಸಾಲಿನಲ್ಲಿ ನಿಂತರು. ವ್ಯಾಪಾರಿ ಚಕ್ರದ ಬುಡದಲ್ಲಿ ಕುರ್ಚಿ ಹಾಕಿಕೊಂಡು ಕುಳಿತಿರುತ್ತಿದ್ದ.

ಒಮ್ಮೆ ಬಿರುಗಾಳಿಯ ಸುದ್ದಿ ಬಂತು. ಅಲೆಗೆ ತಕ್ಕಂತೆ ಏರಿಳಿಯಲಿ ಎಂದು ದಂಡೆಯವರು ದೋಣಿಗಳ ಲಂಗರಿನ ಹಗ್ಗ ಸಡಿಲ ಬಿಟ್ಟರು. ಬಯಲುಸೀಮೆಯಲ್ಲಿ ಗಾಳಿ ಬಂದರೆ ಹುಲ್ಲಿನ ಬಣವೆಗೆ ಹಗ್ಗ ಬಿಗಿಯುತ್ತಾರೆ. ವ್ಯಾಪಾರಿಗೆ ಗೊತ್ತಿದ್ದದ್ದು ಅದೇ. ಚಕ್ರ ಒಂದಿಷ್ಟೂ ತಿರುಗದಂತೆ ಎಲ್ಲ ಕಡೆಯಿಂದ ಬಿಗಿದು ಕಟ್ಟಿದ. ಬಿಟ್ಟಿದ್ದರೆ ತಿರುಗಿ ತಿರುಗಿ ಗಾಳಿಗೆ ದಾರಿ ಕೊಡುತ್ತಿತ್ತು. ಕಟ್ಟಿದ ಚಕ್ರ ಗೋಡೆಯ ಹಾಗೆ ಎದುರು ನಿಂತಿತು. ಅರ್ಧಕ್ಕೆ ಮುರಿದು ಕುದುರೆಗಳ ಮೇಲೆ ಬಿತ್ತು.

ಆಮೇಲೆ ಜನ ಬರಲಿಲ್ಲ. ಕೆಲಸದವರೂ ಒಬ್ಬೊಬ್ಬರಾಗಿ ಬಿಟ್ಟು ಹೋದರು. ವ್ಯಾಪಾರಿ ಹೋಗಲಿಲ್ಲ. ದಿನಾ ಬೆಳಿಗ್ಗೆ ಗೇಟು ತೆರೆಯುತ್ತಿದ್ದ, ಉಳಿದ ಅರ್ಧ ಚಕ್ರದ ಅಚ್ಚಿಗೆ ಎಣ್ಣೆ ಹಾಕುತ್ತಿದ್ದ, ಸಂಜೆ ಗೇಟು ಮುಚ್ಚುತ್ತಿದ್ದ. ಗಾಳಿ ಎದ್ದಾಗಲೆಲ್ಲ, ಅದು ಯಾವ ಹೊತ್ತೇ ಆಗಿರಲಿ, ಓಡಿ ಹೋಗಿ ಚಕ್ರದ ಹಗ್ಗ ಹಿಡಿದು ನಿಲ್ಲುತ್ತಿದ್ದ. ಹೀಗೇ ವರ್ಷಗಳು ಕಳೆದವು. ತಲೆ ಬೆಳ್ಳಗಾಯಿತು. ಕಣ್ಣುಗಳು ಗುಳಿಬಿದ್ದವು.

ಮೀನು ಒಣಗಿಸಲು ಜಾಗ ಕೇಳಿಕೊಂಡು ಮೀನು ಮಾರುವ ಹೆಂಗಸೊಬ್ಬಳು ಬಂದಳು. ಅವನು ಎಣ್ಣೆಯ ಡಬ್ಬ ಹಿಡಿದು ಚಕ್ರದ ಬಳಿ ನಿಂತಿದ್ದ.

“ಜಾಗ ಕೊಡಲಾಗದು. ಇವತ್ತಲ್ಲ ನಾಳೆ ಇದು ತಿರುಗುತ್ತದೆ” ಎಂದ.

“ಆ ಎಣ್ಣೆಯನ್ನು ನಿಮ್ಮ ತಲೆಗಾದರೂ ಹಚ್ಚಿಕೊಳ್ಳಿ ಮಾರಾಯ್ರೆ, ತಂಪಾದೀತು” ಎಂದು ಅವಳು ನಕ್ಕಳು. “ತಿರುಗುವುದು ಬೇಡ ಅಂತ ಕಟ್ಟಿ ಹಾಕಿದವರು ನೀವೇ ಅಲ್ವಾ ಸಾಹುಕಾರ್ರೇ?”

ವ್ಯಾಪಾರಿ ಎಣ್ಣೆಯ ಡಬ್ಬವನ್ನು ಚಕ್ರದ ಬುಡದಲ್ಲಿ ಇಟ್ಟ. ಆಮೇಲೆ ಗೇಟಿನ ಬೀಗದ ಕೈಯನ್ನು ಅವಳ ಖಾಲಿ ಬುಟ್ಟಿಗೆ ಹಾಕಿ ನಡೆದುಬಿಟ್ಟ.

ನನಗೆ ತಡೆಯಲಾಗಲಿಲ್ಲ. “ಅಷ್ಟು ವರ್ಷ ಹಿಡಿದದ್ದನ್ನು ಒಂದು ಹೆಂಗಸಿನ ಮಾತಿಗೆ ಬಿಟ್ಟನೇ! ನಾನಾಗಿದ್ದರೆ ಅಲ್ಲೇ ಸಾಯುತ್ತಿದ್ದೆ. ಬಿಟ್ಟು ಅವನಿಗೆ ಸಿಕ್ಕಿದ್ದಾದರೂ ಏನು ಗುರುಗಳೇ?”

ಅದಕ್ಕೆ ಗುರುಗಳು ಹೇಳಿದ್ದು ಇಷ್ಟು.

“ಅವತ್ತು ರಾತ್ರಿಯೂ ಗಾಳಿ ಎದ್ದಿತು; ಅವನಿಗೆ ನಿದ್ದೆ ಸಿಕ್ಕಿತು.”