ಕಾರಿನ ಮೂತಿಯ ಮೇಲೆ ಯಜಮಾನರ ಮುಖ

ದಾವಣಗೆರೆಯ ಹೊರಗಿನ ಮಣ್ಣಿನ ಮೈದಾನದಲ್ಲಿ ಹವ್ಯಾಸಿಗಳ ಕಾರ್ ರೇಸು. ಒಂದು ಕಾರಿನ ಯಜಮಾನರು ರುದ್ರಪ್ಪ ಶೆಟ್ಟರು, ಅದರ ಮೆಕ್ಯಾನಿಕ್ ದಸ್ತಗೀರ್. ಶೆಟ್ಟರು ತಮ್ಮ ಮುಖದ ದೊಡ್ಡ ಫಲಕವನ್ನು ಕಾರಿನ ಮೂತಿಗೇ ಬಿಗಿಸಿದ್ದರು. ಇಂಜಿನ್ನಿನ ಬಿಸಿನೀರನ್ನು ತಣಿಸುವ ರೇಡಿಯೇಟರ್ ಇರುವುದೂ ಅಲ್ಲೇ. ಫಲಕ ಅಡ್ಡವಾಗಿ ಗಾಳಿ ತಾಗದೆ, ಕಾರು ಪ್ರತಿ ರೇಸಿನಲ್ಲೂ ಹಬೆಯಾಡಿ ನಿಂತುಬಿಡುತ್ತಿತ್ತು.

“ಇವತ್ತೂ ನಿಂತರೆ ನಾಳೆಯಿಂದ ಕೆಲಸಕ್ಕೆ ಬರಬೇಡ. ಫಲಕ ತೆಗೀರಿ ಅಂದರೆ ಈಗಲೇ ಹೊರಡು,” ಎಂದರು ಶೆಟ್ಟರು.

ದಸ್ತಗೀರ್ ಕೈ ಒರೆಸಿಕೊಂಡು ಗಂಭೀರವಾಗಿ ಕೇಳಿದ. “ಯಜಮಾನ್ರೆ, ನಮ್ಮ ಕಾರು ಮುಂದಿರಬೇಕೋ, ಹಿಂದಿರಬೇಕೋ?”

“ಮುಂದೆ. ಅದೂ ಕೇಳೋ ಮಾತಾ?”

“ಹಾಗಾದರೆ ಉಳಿದವರೆಲ್ಲ ನಮ್ಮ ಹಿಂದಿರ್ತಾರೆ. ಅವರಿಗೆ ಕಾಣೋದು ಕಾರಿನ ಬೆನ್ನು. ನಿಮ್ಮ ಮುಖ ಮೂತಿಯಲ್ಲಿದ್ದರೆ, ನಾವು ಸೋಲ್ತೀವಿ ಅಂತ ನೀವೇ ಒಪ್ಪಿಕೊಂಡ ಹಾಗಾಯ್ತು.”

ಶೆಟ್ಟರು ಬಹಳ ಹೊತ್ತು ಮೀಸೆ ತಿರುವಿದರು. ಆಮೇಲೆ ತಾವೇ ಸ್ಪ್ಯಾನರ್ ಹಿಡಿದು ಫಲಕ ಬಿಚ್ಚಿದರು, ಹಿಂದಕ್ಕೆ ಕಟ್ಟಿಸಿದರು.

ಗಾಳಿ ತಾಗಿದ್ದರಿಂದ ಇಂಜಿನ್ ಕಾಯಲಿಲ್ಲ. ಕಾರು ಎರಡನೆಯದಾಗಿ ಬಂತು. ಆದರೂ ಶೆಟ್ಟರು ಸಪ್ಪಗಿದ್ದರು.

“ಗೆದ್ದವನು ನನ್ನ ಮುಖ ನೋಡಲೇ ಇಲ್ಲವಲ್ಲೋ.”

“ಮುಂದಿನ ಸಲ ಅವನನ್ನೂ ಹಿಂದೆ ಹಾಕಿ ತೋರಿಸೋಣ, ಯಜಮಾನ್ರೆ.”

ಶೆಟ್ಟರು ತಲೆಯಾಡಿಸಿದರು. “ಹಾಗಾದರೆ ನಾಳೆ ಸ್ವಲ್ಪ ಬೇಗ ಬಾ.”