ಸಂಕಣ್ಣನ ಏಳು ದೇಶಗಳು

ಮುರಿದ ಮೂಳೆ ಕೂಡಿಸುವುದರಲ್ಲಿ ರೇವಯ್ಯ ಗುರುಗಳ ಶಿಷ್ಯ ಸಂಕಣ್ಣನದು ಎತ್ತಿದ ಕೈ. ಕಟ್ಟು ಹಾಕಿದವನೇ ನಲವತ್ತನೆಯ ದಿನ ಬಿಚ್ಚಬೇಕು ಎಂಬ ಮೊದಲ ಪಾಠದಿಂದ ಹಿಡಿದು ಎಲ್ಲವನ್ನೂ ಕಲಿತಿದ್ದ. ಕಲಿತು ಎರಡು ವರ್ಷವಾದರೂ ಆಸಾಮಿ ಹೊಳೆದಂಡೆಯ ಆಶ್ರಮ ಬಿಟ್ಟು ಕದಲಿರಲಿಲ್ಲ.

"ಇಲ್ಲಿ ಮುರಿಯುವ ಮೂಳೆಗಿಂತ ಕೂಡಿಸುವವರೇ ಹೆಚ್ಚಾಗಿದ್ದೀರಿ. ಹೊರಡೋ ಮಾರಾಯ," ಎಂದರು ಗುರುಗಳು.

"ಯಾವ ದೇಶದಲ್ಲಿ ನೆಲೆಸಬೇಕು ಅಂತ ಇನ್ನೂ ತೀರ್ಮಾನ ಆಗಿಲ್ಲ, ಗುರುಗಳೇ."

ಅವನ ಬಳಿ ಎರಡು ಮರದ ಪಟ್ಟಿಗಳ ನಡುವೆ ಪೋಣಿಸಿದ ಓಲೆಗರಿಗಳಿದ್ದವು. ಅವುಗಳಲ್ಲಿ ಏಳು ದೇಶಗಳು. ನೀರು, ಸೆಕೆ, ಕಂದಾಯ, ದೊರೆಯ ಸ್ವಭಾವ, ಹೊರಗಿನವರಿಗೆ ಮನೆ ಕೊಡುತ್ತಾರೋ ಇಲ್ಲವೋ, ಎಲ್ಲ ಬರೆದಿಟ್ಟಿದ್ದ. ದೋಣಿಯಿಂದ ಯಾರು ಇಳಿದರೂ ಹಿಡಿದು ಕೂರಿಸಿ ಕೇಳುವನು. ಒಬ್ಬ ಹೊಗಳಿದ ದೇಶವನ್ನು ಇನ್ನೊಬ್ಬ ತೆಗಳುವನು. ಸಂಕಣ್ಣ ಗೀಚಿಹಾಕಿ ಮತ್ತೆ ಬರೆಯುವನು. ನೋಡಿ ನೋಡಿ ಗುರುಗಳಿಗೆ ತಲೆ ಚಿಟ್ಟು ಹಿಡಿದಿತ್ತು.

ಅವತ್ತು ಕಡೆಯ ದೋಣಿ. ಹೊಳೆ ತುಂಬಿದರೆ ಮತ್ತೆ ನಾಲ್ಕು ತಿಂಗಳು ದಾಟುವಂತಿಲ್ಲ. ತವರಿನಲ್ಲಿ ಕಾದು ಕಾದು ಸಾಕಾದ ಹೆಂಡತಿ ಸಾತವ್ವ ಗಂಟುಮೂಟೆ ಹೊತ್ತು ಬಂದೇಬಿಟ್ಟಿದ್ದಳು.

"ಗುರುಗಳೇ, ಇವತ್ತು ಇವರು ದೋಣಿ ಹತ್ತದೇ ಇದ್ದರೆ ನಾನು ತವರಿಗೆ ಹೋಗ್ತೀನಿ. ಆಮೇಲೆ ಯಾರು ಕರೆದರೂ ಬರೋದಿಲ್ಲ."

"ಇನ್ನು ಒಬ್ಬರೇ ಒಬ್ಬರನ್ನ ಕೇಳ್ತೀನಿ ಕಣೇ," ಎಂದು ಸಂಕಣ್ಣ ದಂಡೆಗೆ ಓಡಿದ.

ದೋಣಿಯಿಂದ ಒಬ್ಬ ನಡುವಯಸ್ಸಿನವನು ಇಳಿದ. ಸಂಕಣ್ಣ ಅವನನ್ನು ಮರದಡಿ ಕೂರಿಸಿಕೊಂಡು ಒಂದು ಗಳಿಗೆ ಪ್ರಶ್ನೆ ಕೇಳಿದ. ಸಪ್ಪೆ ಮುಖ ಹೊತ್ತು ಬಂದ.

"ಏನಂತೆ?" ಎಂದರು ಗುರುಗಳು.

"ಬೆಟ್ಟದ ಸೀಮೆಯವನು. ನೀರು ಸಿಹಿಯಂತೆ. ಆದರೆ ಚಳಿ ಜಾಸ್ತಿ, ಸಂತೆ ದೂರ. ಬರೆದುಕೊಳ್ಳುವಂಥದ್ದೇನಿಲ್ಲ."

"ಅವನ ಕೈಗೇನಾಗಿದೆ?"

"ಯಾವ ಕೈ?"

ಗುರುಗಳು ಹಣೆ ಹಣೆ ಚಚ್ಚಿಕೊಂಡರು. ಶಿಷ್ಯನ ಕಿವಿ ಹಿಡಿದು ಮರದಡಿಗೆ ಎಳೆದೊಯ್ದರು. ಆ ಮನುಷ್ಯನ ಎಡಗೈ ಹೆಗಲ ಬಟ್ಟೆಯ ಜೋಲಿಯಲ್ಲಿತ್ತು. ಮಣಿಕಟ್ಟು ಊದಿ ನೀಲಿಗಟ್ಟಿತ್ತು.

"ಕೈ ಮುರಿದಿದೆ ಅಂತ ಇವನಿಗೆ ಹೇಳಬಾರದಾ ಯಜಮಾನರೇ?"

"ಹೇಳೋಕೆ ಬಿಟ್ಟರೆ ತಾನೇ ಸ್ವಾಮಿ! ಕಂದಾಯ ಎಷ್ಟು, ಚಳಿ ಎಷ್ಟು ಅಂತ ಜೀವ ತಿಂದರು. ನಮ್ಮ ಸೀಮೇಲಿ ಮೂಳೆ ಕೂಡಿಸೋರು ಒಬ್ಬರೂ ಇಲ್ಲ. ಮೂರು ದಿನ ನಡೆದು ಬಂದಿದ್ದೀನಿ. ಇದೇ ದೋಣೀಲಿ ವಾಪಸ್ ಹೋಗಬೇಕು."

ಸಂಕಣ್ಣನಿಗೆ ನಾಚಿಕೆಯಾಯಿತು. ಕುಳಿತು ಮಣಿಕಟ್ಟು ಎಳೆದು ಮೂಳೆ ಕೂಡಿಸಿದ. ಮೂಳೆ ಅಲುಗದಂತೆ ಇಟ್ಟು ಕಟ್ಟುವ ದಬ್ಬೆಗಾಗಿ ಸುತ್ತ ನೋಡಿದ. ಅಂಬಿಗ ಕೂಗು ಹಾಕುತ್ತಿದ್ದ. ಗುರುಗಳು ಓಲೆಯ ದಾರ ಬಿಚ್ಚಿ ಎರಡು ಮರದ ಪಟ್ಟಿಗಳನ್ನು ಶಿಷ್ಯನ ಕೈಗಿಟ್ಟರು. ಗರಿಗಳೆಲ್ಲ ಮರಳಿಗೆ ಬಿದ್ದವು.

ಪಟ್ಟಿಗಳನ್ನಿಟ್ಟು ಕಟ್ಟು ಬಿಗಿದದ್ದಾಯಿತು. ಆ ಮನುಷ್ಯ ಕೈಮುಗಿಯಲಾರದೆ ತಲೆಬಾಗಿ ದೋಣಿಗೆ ನಡೆದ. ಸಾತವ್ವ ಆಗಲೇ ಗಂಟುಗಳೊಂದಿಗೆ ಹತ್ತಿ ಕುಳಿತಿದ್ದಳು.

ಸಂಕಣ್ಣ ಮರಳಲ್ಲಿ ಗರಿಗಳನ್ನು ಆಯತೊಡಗಿದ. "ಗುರುಗಳೇ, ಆ ಸೀಮೆ ನನ್ನ ಏಳರಲ್ಲಿ ಇಲ್ಲವೇ ಇಲ್ಲವಲ್ಲ?"

"ಕಟ್ಟು ಹಾಕಿದವನು ನೀನು. ನಲವತ್ತನೇ ದಿನ ಬಿಚ್ಚೋಕೆ ಈ ಮುದುಕ ನಡ್ಕೊಂಡು ಹೋಗಬೇಕೇನೋ?"