ಬೂದಮ್ಮ ಹೆತ್ತ ಕಂಬಳಿಹುಳ

ಏ ಶಮಿ, ಆ ಕುಲಾವಿ ಕಿತ್ತು ಬಿಸಾಕಬೇಡ ಅಂದ್ನಲ್ಲ. ಉಲ್ಲನ್ ಟೋಪಿ ಅಂದಮೇಲೆ ಸ್ವಲ್ಪ ಚುಚ್ಚುತ್ತೆ. ಸ್ಕೂಲಲ್ಲಿ ಕಂಬಳಿಹುಳ ಅಂತ ನಗ್ತಾರಾ? ನಗಲಿ. ಒಂದು ತಿಂಗಳು ಕಣ್ಣು ನೋಯಿಸ್ಕೊಂಡು ಹೆಣೆದಿದೀನಿ ನಾನು. ಹಾಕ್ಕೊಂಡು ಮಲಕ್ಕೊ, ಕಂಬಳಿಹುಳದ್ದೇ ಕತೆ ಹೇಳ್ತೀನಿ.

ಒಂದಾನೊಂದು ಕಾಲದಲ್ಲಿ, ನಿನ್ನ ಮುತ್ತಜ್ಜಿಗೆ ಇನ್ನೂ ಹಾಲುಹಲ್ಲು ಬಿದ್ದಿರದ ಕಾಲದಲ್ಲಿ, ಏಳು ಸಮುದ್ರದ ಆಚೆ ದಕ್ಷಿಣ ಅಮೆರಿಕ ಅಂತ ಒಂದು ಸೀಮೆ, ಅಲ್ಲಿ ಅಮೆಜಾನ್ ಅಂತ ಒಂದು ಹೊಳೆ, ಹೊಳೆ ಪಕ್ಕ ಹಗಲಲ್ಲೂ ಬಿಸಿಲು ಕಾಣದ ಕಾಡು, ಆ ಕಾಡಲ್ಲಿ ಬೂದಿ ಬಣ್ಣದ ಒಂದು ಪುಟ್ಟ ಹಕ್ಕಿ ಇತ್ತಂತೆ. ಎಲ್ಲರೂ ಅವಳನ್ನ ಬೂದಮ್ಮ ಅಂತಿದ್ರಂತೆ. ನೋಡೋಕೆ ಏನೂ ಚೆಂದ ಇಲ್ಲ, ಆದ್ರೆ ಅವಳ ಸಿಳ್ಳೆ ಕೇಳಿದ್ರೆ ಯಾರೋ ಮಕ್ಕಳನ್ನ ಊಟಕ್ಕೆ ಕರೀತಿದಾರೆ ಅನ್ನಿಸ್ತಿತ್ತಂತೆ.

ಬೂದಮ್ಮ ಮೊದಲನೇ ಸಲ ಮೊಟ್ಟೆ ಇಟ್ಲಂತೆ, ಕೋತಿ ಬಂದು ತಿಂದ್ಕೊಂಡು ಹೋಯ್ತಂತೆ. ಆಮೇಲೆ ಎರಡನೇ ಸಲ ಇಟ್ಲಂತೆ, ಹಾವು ನುಂಗ್ತಂತೆ. ಆಮೇಲೆ ಮೂರನೇ ಸಲ ಒಂದೇ ಒಂದು ಮೊಟ್ಟೆ, ಆ ವರ್ಷಕ್ಕೆ ಅದೇ ಕೊನೇದು. ಇದೂ ಹೋದ್ರೆ ನಾನು ಈ ಕಾಡಲ್ಲಿ ಇರೋದೇ ಬೇಡ ಅಂತ ಅತ್ಲಂತೆ, ಅತ್ಕೊಂಡೇ ಕಾವಿಗೆ ಕೂತ್ಲಂತೆ.

ಕೊನೆಗೊಂದಿನ ಮೊಟ್ಟೆ ಒಡೀತು. ಒಳಗಿಂದ ಏನು ಬಂತು ಅಂತೀಯ! ಕಿತ್ತಳೆ ಬಣ್ಣ, ಮೈತುಂಬ ಉದ್ದುದ್ದ ಕೂದಲು, ಕೂದಲ ತುದಿ ಬಿಳಿ. ಥೇಟು ಕಂಬಳಿಹುಳ! ಬೂದಮ್ಮ ಗೂಡಿನ ಅಂಚಿಗೆ ಹಾರಿ, ಯಾರದ್ದೋ ಗೂಡಲ್ಲಿ ಕೂತ್ಬಿಟ್ನಾ ಅಂತ ಸುತ್ತಮುತ್ತ ನೋಡಿದ್ಲಂತೆ. ಪಕ್ಕದ ಕೊಂಬೆ ಗಿಳಿಯಮ್ಮ, ಅವಳ ಬಾಯಿಗೆ ಬೀಗ ಇಲ್ಲ, ಏನ್ರೀ ಬೂದಮ್ಮ, ನಿಮ್ಮ ಮನೇವ್ರ ಕಡೆ ಯಾರಾದ್ರೂ ಹುಳಗಳಿದ್ರಾ ಅಂತ ಕೇಳೇಬಿಟ್ಲಂತೆ.

ಬೂದಮ್ಮ ನಾಚಿಕೆ ತಡೀಲಾರದೆ ಮರಿಯ ಕೂದಲು ಕೀಳೋಕೆ ಶುರು ಮಾಡಿದ್ಲಂತೆ. ಒಂದು ಕಿತ್ಲು, ಎರಡು ಕಿತ್ಲು, ಮೂರನೇದು ಕೀಳೋ ಹೊತ್ತಿಗೆ ಕೆಳಗೆ ನಿಜವಾದ ಕಂಬಳಿಹುಳ ಒಂದು ಮರ ಹತ್ತಿ ಬರ್ತಿತ್ತಂತೆ. ಅದೇ ಕೋತಿ, ಆ ಮೊಟ್ಟೆಕಳ್ಳ, ಅದನ್ನ ನೋಡಿದ್ದೇ ತಡ, ಅಯ್ಯಪ್ಪೋ ಅಂತ ಬಾಲ ಎತ್ಕೊಂಡು ಮೂರು ಮರ ಹಾರಿ ಓಡ್ತಂತೆ. ಬೂದಮ್ಮ ಕಿತ್ತ ಕೂದಲು ಬಾಯಲ್ಲೇ ಇಟ್ಕೊಂಡು ನಿಂತ್ಬಿಟ್ಲಂತೆ. ಅಯ್ಯೋ ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ, ದೇವರು ಹೊದಿಸಿ ಕಳಿಸಿದ ಕಂಬಳೀನ ನಾನೇ ಕಿತ್ತು ಹಾಕ್ತಿದೀನಲ್ಲ ಅಂದ್ಲಂತೆ.

ಆಮೇಲೆ ಮರಿಗೆ ಕೆಂಚ ಅಂತ ಹೆಸರಿಟ್ಟು ಪಾಠ ಶುರು ಮಾಡಿದ್ಲಂತೆ. ನೋಡು ಮಗ, ಯಾರೇ ಬಂದ್ರೂ ತಲೇನ ಆ ಕಡೆ ಈ ಕಡೆ ನಿಧಾನಕ್ಕೆ ಆಡಿಸು, ಹುಳ ಆಡ್ಸುತ್ತಲ್ಲ ಹಾಗೆ. ಪ್ರಾಣ ಹೋಗೋ ಹಸಿವಾದ್ರೂ ಬಾಯಿ ತೆರೀಬೇಡ, ಹುಳಕ್ಕೆ ಎಲ್ಲಾದ್ರೂ ಕೊಕ್ಕಿರುತ್ತಾ? ನನ್ನ ಸಿಳ್ಳೆ ಕೇಳಿದ್ರೆ ಮಾತ್ರ ತೆರಿ, ಅಂದ್ಲಂತೆ. ಪದೇ ಪದೇ ಬಂದ್ರೆ ಗೂಡಿನ ಗುಟ್ಟು ಬಯಲಾಗುತ್ತೆ ಅಂತ ಗಂಟೆಗೊಂದೇ ಸಲ ಊಟ ತರ್ತಿದ್ಲಂತೆ. ಮಿಕ್ಕ ಹೊತ್ತೆಲ್ಲ ಪಾಪ ಕೆಂಚ ಒಬ್ಬನೇ ಹುಳ ಆಗಿ ಬಿದ್ದಿರ್ತಿದ್ದ.

ಮೊದಲು ಕೋತಿ ಬಂತಂತೆ. ಗೂಡಿಗೆ ಕೈ ಹಾಕೋಕೆ ಹೋಯ್ತು, ಕೆಂಚ ತಲೆ ಆಡಿಸ್ದ, ಅಷ್ಟೇ. ಮುಟ್ಟದೇನೇ ಮೂರು ದಿನ ಮೈ ಕೆರ್ಕೊಳ್ತಂತೆ ಅದು.

ಆಮೇಲೆ ಹಾವು ಬಂತಂತೆ. ಕೆಂಚ ತಲೆ ಆಡಿಸ್ದ. ಹಾವೂ ತಲೆ ಆಡಿಸ್ತು. ಇವನು ಇನ್ನೂ ಆಡಿಸ್ದ, ಅದೂ ಇನ್ನೂ ಆಡಿಸ್ತು. ಕೊನೆಗೆ ಹಾವಿಗೇ ಮುಜುಗರ ಆಗಿ, ಇದೇನು ಹುಳದ ಮುಂದೆ ಕುಣೀತಿದೀನಲ್ಲ ಅಂತ ಇಳಿದು ಹೋಯ್ತಂತೆ. ನಗು ನಗು, ಕುಲಾವಿ ಮಾತ್ರ ಬಿಚ್ಚಬೇಡ.

ಆಮೇಲೆ ಮೂರನೇದಾಗಿ ಬಂದ್ಲು ನೋಡು, ಉದ್ದ ಬಾಲದ ಕೋಗಿಲಮ್ಮ. ನಮ್ಮ ಕೋಗಿಲೆ ತರ ಕಾಗೆ ಗೂಡಲ್ಲಿ ಮೊಟ್ಟೆ ಇಟ್ಟು ಓಡೋಳಲ್ಲ, ತನ್ನ ಮಕ್ಕಳನ್ನ ತಾನೇ ಸಾಕೋಳು. ಅವಳಿಗೆ ಕಂಬಳಿಹುಳ ಅಂದ್ರೆ ನಮಗೆ ಹೋಳಿಗೆ ಇದ್ದ ಹಾಗಂತೆ! ಕೊಕ್ಕಲ್ಲಿ ಮಕ್ಕಳಿಗೆ ಅಂತ ಒಂದು ಮಿಡತೆ ಹಿಡ್ಕೊಂಡು ಹೋಗ್ತಿದ್ಲು, ಕೆಂಚ ಕಣ್ಣಿಗೆ ಬಿದ್ದ. ಪಾಪ ಕೆಂಚ ತಲೆ ಆಡಿಸ್ದಷ್ಟೂ, ಆಹಾ ಎಷ್ಟು ತಾಜಾ ಇದೆ ಅಂತ ಅವಳಿಗೆ ಬಾಯಲ್ಲಿ ನೀರು.

ಆ ಹೊತ್ತಿಗೆ ಬೂದಮ್ಮ ಬಂದ್ಲು. ಕೋಗಿಲಮ್ಮ ಇವಳ ಎರಡರಷ್ಟಿದ್ಲು, ಜಗಳಕ್ಕೆ ಹೋಗೋ ಹಾಗಿಲ್ಲ. ಸಿಳ್ಳೆ ಹಾಕಿದ್ರೆ ಕೆಂಚ ಬಾಯಿ ತೆರೀತಾನೆ, ಹಕ್ಕಿಮರಿ ಅಂತ ಗುಟ್ಟು ರಟ್ಟಾಗುತ್ತೆ. ಹಾಕದಿದ್ರೆ ಹುಳ ಅಂತಾನೇ ನುಂಗ್ತಾಳೆ. ಅತ್ತ ದರಿ, ಇತ್ತ ಪುಲಿ. ಕೊನೆಗೆ ಬೂದಮ್ಮ, ಗುಟ್ಟು ಹಾಳಾಗಲಿ, ಮಗು ಉಳೀಲಿ ಅಂತ ಕಣ್ಣು ಮುಚ್ಕೊಂಡು ಸಿಳ್ಳೆ ಹಾಕೇಬಿಟ್ಲಂತೆ.

ಕೆಂಚ ಬಾಯಿ ಆ ಅಂತ ತೆರೆದ. ಹೆತ್ತವಳ ಮುಂದೆ ಮರಿ ಬಾಯಿ ತೆರೆದ್ರೆ ಕೊಕ್ಕು ಸುಮ್ನಿರುತ್ತಾ? ಕೋಗಿಲಮ್ಮ ತನಗೇ ಗೊತ್ತಿಲ್ಲದ ಹಾಗೆ ಮಿಡತೇನ ಆ ಬಾಯಿಗೆ ತುರುಕಿಬಿಟ್ಲಂತೆ!

ಅಯ್ಯೋ ನಿನ್ನ, ಮಗೂನಾ ನೀನು, ಅಂತ ಕೋಗಿಲಮ್ಮ ಕಕ್ಕಾಬಿಕ್ಕಿ. ಬೂದಮ್ಮ ಹಾರಿ ಬಂದು, ಅಕ್ಕ, ಎರಡು ಕಳ್ಕೊಂಡಿದೀನಿ, ಉಳಿದಿರೋದು ಇವನೊಬ್ಬನೇ, ಯಾರಿಗೂ ಹೇಳ್ಬೇಡಿ ಅಂತ ಅತ್ಲಂತೆ. ಕೋಗಿಲಮ್ಮ ಕಾಡೆಲ್ಲಾ ಸುತ್ತಿ, ಆ ಮರದಲ್ಲಿ ಒಂದು ಹುಳ ಇದೆ ಕಣ್ರೀ, ನನ್ನ ಕೈಲೇ ನುಂಗೋಕಾಗ್ಲಿಲ್ಲ ಅಂತ ಸಾರಿದ್ಲಂತೆ. ಆಮೇಲೆ ಆ ಮರದ ಕಡೆ ಯಾರು ತಲೆ ಹಾಕ್ತಾರೆ ಹೇಳು!

ಇಪ್ಪತ್ತು ದಿನಕ್ಕೆ ಕೆಂಚನ ಕೂದಲೆಲ್ಲ ಉದುರಿ, ಅಮ್ಮನ ಹಾಗೇ ಬೂದಿ ಬಣ್ಣದ ರೆಕ್ಕೆ ಬಂದು, ಗೂಡು ಬಿಟ್ಟು ಹಾರಿದ್ನಂತೆ. ಗಿಳಿಯಮ್ಮ ಖಾಲಿ ಗೂಡಿಗೆ ಇಣುಕಿ, ನಿಮ್ಮ ಹುಳ ಚಿಟ್ಟೆ ಆಯ್ತೇನ್ರೀ ಅಂದ್ಲಂತೆ. ಇಲ್ಲಮ್ಮ, ಹಕ್ಕಿ ಆಯ್ತು, ಅಂದ್ಲಂತೆ ಬೂದಮ್ಮ. ಕಂಬಳಿಹುಳ ದೊಡ್ಡದಾದ್ರೆ ಹಕ್ಕಿ ಆಗುತ್ತೆ ಅಂತ ಆ ಗಿಳಿ ಈಗಲೂ ಊರೆಲ್ಲ ಹೇಳ್ಕೊಂಡು ತಿರುಗ್ತಿದೆಯಂತೆ. ತಾಯಿ ಮಗ ಸುಖವಾಗಿದ್ರು, ಅಲ್ಲಿಗೆ ಅವರ ಕತೆ ಮುಗೀತು, ನನ್ನ ಗಂಟಲೂ ಒಣಗ್ತು.

ನಾಳೆ ಯಾರಾದ್ರೂ ಕಂಬಳಿಹುಳ ಅಂದ್ರೆ ನೀನೂ ತಲೆ ಆಡಿಸು, ಗೊತ್ತಾಯ್ತಾ? ಶಮಿ? ಏ ಶಮಿ? ಕುಲಾವಿ ಹಾಕ್ಕೊಂಡೇ ಮಲಗಿಬಿಡ್ತಲ್ಲ ನನ್ನ ಹುಳ. ಬಾಯಿ ನೋಡು, ಆ ಅಂತ ತೆರ್ಕೊಂಡು. ಈಗ ಮಿಡತೆ ಎಲ್ಲಿಂದ ತರಲಿ ನಾನು?